ಜಗತ್ತಿನ ಸರಕು ವಾಯಿದಾ ಮಾರುಕಟ್ಟೆಗಳು: ಕರಾರಿನ ಹಾಳೆ ಓದುವುದರಿಂದ ಡೆಲಿವರಿವರೆಗೆ

‘ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಗೋಧಿ ಏರಿತು’ ಎಂದು ಸುದ್ದಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಗೋಧಿ ಎಂಬುದು. ಸುದ್ದಿಯ ಬೆಲೆ ಬರುವುದು ವಾಯಿದಾ ಕರಾರುಗಳಿಂದ, ಅಂದರೆ ಮುಂದೊಂದು ತಿಂಗಳಲ್ಲಿ ಸರಕು ಕೊಡುವ, ಕೊಳ್ಳುವ ಒಪ್ಪಂದಗಳಿಂದ. ಷಿಕಾಗೊ ಕರಾರಿನದು ಬಿಸ್ಕತ್ತು, ಕೇಕಿಗೆ ಹೊಂದುವ ಮೆದು ಕೆಂಪು ಗೋಧಿ. ಕ್ಯಾನ್ಸಸ್ ಹೆಸರಿನ ಕರಾರಿನದು ಬ್ರೆಡ್ಡಿಗೆ ಬೇಕಾದ ಗಟ್ಟಿ ಗೋಧಿ. ಮಿನಿಯಾಪೊಲಿಸ್‌ನದು ವಸಂತದಲ್ಲಿ ಬಿತ್ತುವ, ಪ್ರೋಟೀನ್ ಹೆಚ್ಚಿರುವ ಗೋಧಿ. ಪ್ಯಾರಿಸ್‌ನ ಯೂರೊನೆಕ್ಸ್ಟ್‌ನಲ್ಲಿ ಗಿರಣಿ ಗೋಧಿ. ಬೆಲೆ ಯೂರೊದಲ್ಲಿ, ಲಾಟ್ (ಒಂದು ಕರಾರಿನ ಪ್ರಮಾಣ) 50 ಟನ್. ಒಂದೇ ದಿನ ಇವು ಬೇರೆ ಬೇರೆ ದಿಕ್ಕಿಗೆ ಹೋಗುವುದೂ ಉಂಟು.

ವಾಯಿದಾ ಬೆಲೆಯೆಂದರೆ ಬರೀ ವಸ್ತುವಿನ ಬೆಲೆಯಲ್ಲ. ಇಂಥ ದರ್ಜೆಯ ಸರಕು, ಇಷ್ಟು ತೂಕ, ಇಂಥ ಜಾಗದಲ್ಲಿ, ಇಂಥ ತಿಂಗಳಲ್ಲಿ ಕೈ ಬದಲಿಸುವುದಕ್ಕೆ ಕಟ್ಟಿದ ಬೆಲೆ ಅದು. ಈ ನಾಲ್ಕನ್ನೂ ಬರೆದಿಟ್ಟಿರುವುದು ಎಕ್ಸ್‌ಚೇಂಜ್ ಪ್ರಕಟಿಸುವ ಕರಾರಿನ ಹಾಳೆಯಲ್ಲಿ. ಬ್ರೋಕರ್‌ಗಳು ಕಾಂಟ್ರ್ಯಾಕ್ಟ್ ಸ್ಪೆಸಿಫಿಕೇಶನ್ ಎನ್ನುವುದು ಇದನ್ನೇ. ಮುಂದೆ ಬರುವ ಎಡವಟ್ಟುಗಳಲ್ಲಿ ಹೆಚ್ಚಿನವು ಬೆಲೆಯ ಅಂದಾಜು ತಪ್ಪಿ ಆದವಲ್ಲ, ಆ ಹಾಳೆಯ ಒಂದೋ ಎರಡೋ ಸಾಲನ್ನು ಲೆಕ್ಕಕ್ಕೆ ಹಿಡಿಯದೆ ಆದವು.

ಹಂತ 1: ಸರಕಿಗೆ ತಕ್ಕ ಮಾರುಕಟ್ಟೆ ಹುಡುಕುವುದು

ಎಕ್ಸ್‌ಚೇಂಜ್ ಆಯ್ದು ಸರಕು ಹುಡುಕಬೇಡಿ. ಸರಕು ಹಿಡಿದು ಎಕ್ಸ್‌ಚೇಂಜ್ ಹುಡುಕಿ. ಪ್ರತಿ ಸರಕಿಗೂ ಜಗತ್ತು ಕಣ್ಣಿಟ್ಟು ನೋಡುವ ಒಂದೋ ಎರಡೋ ಕರಾರುಗಳಿರುತ್ತವೆ, ಉಳಿದವು ಅವುಗಳ ನೆರಳಿನಲ್ಲಿ ನಡೆಯುತ್ತವೆ.

ಮೆಕ್ಕೆಜೋಳ, ಸೋಯಾ, ಗೋಧಿಗೆ 1848ರಲ್ಲಿ ಶುರುವಾದ ಷಿಕಾಗೊ ಬೋರ್ಡ್ ಆಫ್ ಟ್ರೇಡ್. ಅದು 2007ರಿಂದ ಸಿಎಂಇ ಗುಂಪಿನಲ್ಲಿದೆ. ಮರುವರ್ಷ ಅದೇ ಗುಂಪಿಗೆ ಸೇರಿದ ನೈಮೆಕ್ಸ್‌ನಲ್ಲಿ ಡಬ್ಲ್ಯುಟಿಐ ಎಂಬ ಅಮೆರಿಕದ ಕಚ್ಚಾ ತೈಲ ಮತ್ತು ನೈಸರ್ಗಿಕ ಅನಿಲ, ಕೊಮೆಕ್ಸ್‌ನಲ್ಲಿ ಚಿನ್ನ, ಬೆಳ್ಳಿ, ತಾಮ್ರ. ಬ್ರೆಂಟ್ ತೈಲ, ಅರೇಬಿಕಾ ಕಾಫಿ, ಕೋಕೊ, ಕಚ್ಚಾ ಸಕ್ಕರೆ, ಹತ್ತಿಗೆ ಐಸಿಇ ಎಂಬ ಎಕ್ಸ್‌ಚೇಂಜ್ ಗುಂಪು. ರೊಬಸ್ಟಾ ಕಾಫಿ ಮತ್ತು ಬಿಳಿ ಸಕ್ಕರೆಗೆ ಅದರದೇ ಲಂಡನ್ ಶಾಖೆ. ತಾಮ್ರ, ಅಲ್ಯೂಮಿನಿಯಂ, ನಿಕಲ್, ಸತುವಿಗೆ 1877ರ ಲಂಡನ್ ಮೆಟಲ್ ಎಕ್ಸ್‌ಚೇಂಜ್, ಅಂದರೆ ಎಲ್‌ಎಂಇ. 2012ರಿಂದ ಅದರ ಒಡೆತನ ಹಾಂಗ್‌ಕಾಂಗ್‌ನ ಎಕ್ಸ್‌ಚೇಂಜ್ ಕಂಪನಿಯದು. ತಾಳೆ ಎಣ್ಣೆಗೆ ಬರ್ಸಾ ಮಲೇಷ್ಯಾ (25 ಟನ್, ರಿಂಗಿಟ್‌ನಲ್ಲಿ). ಕಬ್ಬಿಣದ ಅದಿರಿಗೆ ಸಿಂಗಪುರ ಮತ್ತು ಚೀನಾದ ಡಾಲಿಯಾನ್. ಚೀನಾದಲ್ಲೇ ಲೋಹಗಳಿಗೆ ಶಾಂಘೈ. ಹತ್ತಿ, ಸಕ್ಕರೆಗೆ ಝೆಂಗ್‌ಝೌ. ಭಾರತದಲ್ಲಿ ಲೋಹ ಮತ್ತು ಇಂಧನಕ್ಕೆ ಎಂಸಿಎಕ್ಸ್, ಕೃಷಿ ಸರಕಿಗೆ ಎನ್‌ಸಿಡಿಇಎಕ್ಸ್. ಎರಡೂ 2003ರಲ್ಲಿ ಬಾಗಿಲು ತೆರೆದವು. ದಕ್ಷಿಣ ಆಫ್ರಿಕಾದ ಬಿಳಿ ಮೆಕ್ಕೆಜೋಳ ಜೋಹಾನ್ಸ್‌ಬರ್ಗ್‌ನಲ್ಲಿ, ಬ್ರೆಜಿಲ್‌ನ ದನ ಮತ್ತು ಕಾಫಿ ಅಲ್ಲಿನ ಬಿ3 ಎಕ್ಸ್‌ಚೇಂಜ್‌ನಲ್ಲಿ.

‘ಜಗತ್ತಿನ ಅತಿ ದೊಡ್ಡ ಎಕ್ಸ್‌ಚೇಂಜ್’ ಎಂಬ ಪಟ್ಟಿಗಳನ್ನು ನೋಡಿ ಮೋಸಹೋಗಬೇಡಿ. ಅವು ಎಣಿಸುವುದು ಕರಾರುಗಳ ಸಂಖ್ಯೆಯನ್ನು. ಝೆಂಗ್‌ಝೌ ಸಕ್ಕರೆಯ ಒಂದು ಲಾಟ್ 10 ಟನ್. ಐಸಿಇಯ 11ನೇ ನಂಬರ್ ಸಕ್ಕರೆ 1,12,000 ಪೌಂಡ್, ಅಂದರೆ ಸುಮಾರು 51 ಟನ್. ಲಾಟ್ ಚಿಕ್ಕದಿದ್ದರೆ ಸಂಖ್ಯೆ ತಾನಾಗಿ ದೊಡ್ಡದಾಗುತ್ತದೆ.

ನೀವಿರುವ ದೇಶದ ಕಾನೂನು ಹೊರದೇಶದ ಎಕ್ಸ್‌ಚೇಂಜ್‌ಗೆ ಮಾರ್ಜಿನ್ ಹಣ, ಅಂದರೆ ವಹಿವಾಟಿಗೆ ಇಡುವ ಠೇವಣಿ, ಕಳಿಸಲು ಬಿಡುತ್ತದೆಯೇ ಎಂಬುದನ್ನೂ ಇದೇ ಹಂತದಲ್ಲಿ ತಿಳಿದುಕೊಳ್ಳಿ. ಬಿಡದಿದ್ದರೆ ಉಳಿದ ಓದು ಬೆಲೆ ಅರ್ಥಮಾಡಿಕೊಳ್ಳುವುದಕ್ಕೆ ಮಾತ್ರ.

ಹಂತ 2: ಕರಾರಿನ ಹಾಳೆ

ಹಾಳೆಯನ್ನು ಎಕ್ಸ್‌ಚೇಂಜ್‌ನ ತಾಣದಿಂದಲೇ ಇಳಿಸಿಕೊಳ್ಳಿ. ಬ್ರೋಕರ್ ಆ್ಯಪ್‌ನ ಸಾರಾಂಶ ಸಾಲದು. ಮೊದಲು ಲಾಟ್, ಬೆಲೆ ಹೇಳುವ ಘಟಕ, ಮತ್ತು ಟಿಕ್, ಅಂದರೆ ಬೆಲೆ ಇಡಬಹುದಾದ ಅತಿ ಚಿಕ್ಕ ಹೆಜ್ಜೆ. ಮೂರನ್ನೂ ಗುಣಿಸಿ ‘ಒಂದು ಟಿಕ್‌ಗೆ ಎಷ್ಟು ಹಣ’ ಎಂದು ಕಾಗದದ ಮೇಲೆ ಬರೆದುಕೊಳ್ಳಿ:

- ಮೆಕ್ಕೆಜೋಳ (ಷಿಕಾಗೊ): 5,000 ಬುಷೆಲ್, ಟಿಕ್ ಕಾಲು ಸೆಂಟ್, ಹಣ 12.50 ಡಾಲರ್
- ಡಬ್ಲ್ಯುಟಿಐ ತೈಲ: 1,000 ಬ್ಯಾರೆಲ್, ಟಿಕ್ 1 ಸೆಂಟ್, 10 ಡಾಲರ್
- ಚಿನ್ನ (ಕೊಮೆಕ್ಸ್): 100 ಟ್ರಾಯ್ ಔನ್ಸ್, ಟಿಕ್ 10 ಸೆಂಟ್, 10 ಡಾಲರ್
- ಬೆಳ್ಳಿ (ಕೊಮೆಕ್ಸ್): 5,000 ಔನ್ಸ್, ಟಿಕ್ ಅರ್ಧ ಸೆಂಟ್, 25 ಡಾಲರ್
- ಅರೇಬಿಕಾ ಕಾಫಿ (ಐಸಿಇ): 37,500 ಪೌಂಡ್, ಟಿಕ್ ಸೆಂಟ್‌ನ 20ನೇ ಒಂದು ಭಾಗ, 18.75 ಡಾಲರ್

ಷಿಕಾಗೊ ಧಾನ್ಯದ ಬೆಲೆಯನ್ನು ಸೆಂಟ್ ಮತ್ತು ಎಂಟನೇ ಭಾಗಗಳಲ್ಲಿ ತೋರಿಸುವ ಪರದೆಗಳಿವೆ. 450'6 ಎಂದರೆ 450.6 ಅಲ್ಲ, 450 ಸೆಂಟ್ ಮತ್ತು ಎಂಟರಲ್ಲಿ ಆರು ಭಾಗ, ಅಂದರೆ 450.75. ಹೊಸಬರ ಲಿಮಿಟ್ (ಇಂಥ ಬೆಲೆಗೇ ಎಂದು ಹಾಕುವ) ಆರ್ಡರ್‌ಗಳು ತಿರಸ್ಕೃತವಾಗುವುದಕ್ಕೆ ಇದೊಂದು ಕಾರಣ.

ಘಟಕಗಳನ್ನು ಟನ್‌ಗೆ ಇಳಿಸದೆ ಎರಡು ಮಾರುಕಟ್ಟೆಗಳನ್ನು ಹೋಲಿಸಲಾಗದು. ಬುಷೆಲ್ ಗಾತ್ರದ ಅಳತೆಯಾದ್ದರಿಂದ ತೂಕ ಸರಕಿನಿಂದ ಸರಕಿಗೆ ಬೇರೆ: ಗೋಧಿ, ಸೋಯಾಗೆ 60 ಪೌಂಡ್, ಮೆಕ್ಕೆಜೋಳಕ್ಕೆ 56. ಸೆಂಟ್‌ನಲ್ಲಿರುವ ಗೋಧಿ ಬೆಲೆಯನ್ನು 0.3674ರಿಂದ ಗುಣಿಸಿದರೆ ಟನ್‌ಗೆ ಡಾಲರ್ ಸಿಗುತ್ತದೆ, ಮೆಕ್ಕೆಜೋಳಕ್ಕೆ 0.3937. ಗೋಧಿ 600 ಸೆಂಟ್ ಇದ್ದರೆ ಟನ್‌ಗೆ ಸುಮಾರು 220 ಡಾಲರ್.

ಮುಂದೆ ದರ್ಜೆ ಮತ್ತು ಜಾಗ. ಕಾಫಿ ಕರಾರಿಗೆ ಹಲವು ದೇಶಗಳ ಬೀಜ ಕೊಡಬಹುದು, ಆದರೆ ಮೂಲಕ್ಕೆ ತಕ್ಕಂತೆ ಬೆಲೆಗೆ ಕೂಡಿಸುವುದು, ಕಳೆಯುವುದು ಇರುತ್ತದೆ. ಡಬ್ಲ್ಯುಟಿಐ ತೈಲ ಓಕ್ಲಹೋಮಾದ ಕುಶಿಂಗ್‌ನಲ್ಲಿ, ನೈಸರ್ಗಿಕ ಅನಿಲ ಲೂಯಿಸಿಯಾನಾದ ಹೆನ್ರಿ ಹಬ್‌ನಲ್ಲಿ. ಕಚ್ಚಾ ಸಕ್ಕರೆಗೆ ಗೋದಾಮೇ ಇಲ್ಲ: ಬೆಳೆದ ದೇಶದ ಬಂದರಿನಲ್ಲಿ ಕೊಂಡವನ ಹಡಗಿಗೆ ತುಂಬಿಸುತ್ತಾರೆ, ಹಡಗು ಅವನೇ ತರಬೇಕು. ಎಲ್‌ಎಂಇ ಲೋಹ ಯಾವ ಊರಿನ ಗೋದಾಮಿನಲ್ಲಿ ಸಿಗುತ್ತದೆ ಎಂಬುದನ್ನು ಆರಿಸುವವನು ಮಾರುವವನು. ಹೀಗೆ ಆಯ್ಕೆ ಎಲ್ಲೆಲ್ಲಿ ಮಾರುವವನ ಕೈಯಲ್ಲಿದೆಯೋ ಅಲ್ಲೆಲ್ಲ ಅವನು ಕೊಡುವುದು ತನಗೆ ಅಗ್ಗವಾದದ್ದನ್ನು. ಹಾಗಾಗಿ ವಾಯಿದಾ ಬೆಲೆ ಓಲುವುದೂ ಅಗ್ಗದ ಸರಕಿನ ಕಡೆಗೆ.

ಕೊನೆಗೆ, ಕರಾರು ಸರಕಿನಿಂದ ತೀರುವುದೋ ಹಣದಿಂದಲೋ ನೋಡಿ. ಸಿಂಗಪುರದ ಅದಿರು, ಷಿಕಾಗೊದ ಹಂದಿ ಹಣದಲ್ಲೇ ತೀರುತ್ತವೆ. ಹಣದಲ್ಲಿ ತೀರುವುದಾದರೆ ಕೊನೆಯ ಬೆಲೆ ಎಲ್ಲಿಂದ ಬರುತ್ತದೆ? ಈ ಸಾಲನ್ನು ಎರಡು ಸಲ ಓದಿ. ಎಂಸಿಎಕ್ಸ್ ತೈಲದ ಏಪ್ರಿಲ್ 2020ರ ಕರಾರು ನೈಮೆಕ್ಸ್ ಬೆಲೆಯ ಮೇಲೆ ತೀರುವಂಥದ್ದು. ಅಂತಿಮ ದಿನ ಮುಂಬೈನಲ್ಲಿ ಸಂಜೆ 5ಕ್ಕೇ ವಹಿವಾಟು ಮುಗಿದಿತ್ತು. ನೈಮೆಕ್ಸ್ ಕುಸಿದದ್ದು ಆಮೇಲೆ, ಭಾರತದ ರಾತ್ರಿಯಲ್ಲಿ. ಕರಾರು ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಗೆ ತೀರಿತು. ಕೊಂಡು ಕೂತಿದ್ದವರಿಗೆ ಹೊರಬರಲು ಬಾಗಿಲೇ ತೆರೆದಿರಲಿಲ್ಲ.

ಹಂತ 3: ತಿಂಗಳು ಆರಿಸುವುದು

ತಿಂಗಳಿಗೊಂದು ಅಕ್ಷರ. ಜನವರಿಯಿಂದ ಡಿಸೆಂಬರ್‌ವರೆಗೆ ಕ್ರಮವಾಗಿ ಎಫ್, ಜಿ, ಎಚ್, ಜೆ, ಕೆ, ಎಂ, ಎನ್, ಕ್ಯೂ, ಯು, ವಿ, ಎಕ್ಸ್, ಝಡ್. ಎಂ ಎಂದರೆ ಮಾರ್ಚ್ ಅಥವಾ ಮೇ ಅಂದುಕೊಂಡು ತಪ್ಪು ತಿಂಗಳು ಒತ್ತುವವರಿದ್ದಾರೆ, ಅದು ಜೂನ್.

ಎಲ್ಲ ತಿಂಗಳಲ್ಲೂ ವ್ಯಾಪಾರ ಇರುವುದಿಲ್ಲ. ಓಪನ್ ಇಂಟರೆಸ್ಟ್ ಅಂಕಣ ನೋಡಿ, ತೀರದೆ ಉಳಿದ ಕರಾರುಗಳು ಹೆಚ್ಚಿರುವ ತಿಂಗಳು ಹಿಡಿಯಿರಿ. ಬೆಳೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಷಿಕಾಗೊ ಮೆಕ್ಕೆಜೋಳದ ಜುಲೈ ಕರಾರು ಹಳೆಯ ಬೆಳೆಯದ್ದು, ಡಿಸೆಂಬರ್ ಕರಾರು ಹೊಸ ಬೆಳೆಯದ್ದು. ಜುಲೈ ದಾಸ್ತಾನಿನ ಕೊರತೆಗೆ ಏರಬಹುದು, ಅದೇ ವಾರ ಒಳ್ಳೆಯ ಮಳೆಗೆ ಡಿಸೆಂಬರ್ ಇಳಿಯಬಹುದು. ಸರಕು ಒಂದೇ ಎಂದು ಒಂದನ್ನು ಕೊಂಡು ಇನ್ನೊಂದನ್ನು ಮಾರಿ ‘ಸುರಕ್ಷಿತ’ವಾಗಿದ್ದೇವೆ ಎಂದುಕೊಂಡವರಿಗೆ ಎರಡೂ ಕಡೆ ಪೆಟ್ಟು ಬೀಳುವುದು ಇಲ್ಲೇ.

ಎಲ್‌ಎಂಇಯ ರೂಢಿ ಬೇರೆ. ಮುಂದಿನ ಮೂರು ತಿಂಗಳಿಗೆ ಪ್ರತಿ ವ್ಯವಹಾರ ದಿನವೂ ಒಂದು ತೀರುವಳಿ ದಿನ. ಆಮೇಲೆ ವಾರಕ್ಕೊಂದು, ಅದರಾಚೆ ತಿಂಗಳಿಗೊಂದು. ಮುಖ್ಯ ಬೆಲೆ ‘ಮೂರು ತಿಂಗಳ’ದ್ದು. ಚಿಲಿಯ ತಾಮ್ರ, ಮಲಯದ ತವರ ಹಡಗಿನಲ್ಲಿ ಲಂಡನ್ ಮುಟ್ಟಲು ಹಿಡಿಯುತ್ತಿದ್ದ ಕಾಲ ಅದು. ಹಡಗುಗಳು ವೇಗವಾದವು, ಕರಾರು ಹಾಗೇ ಉಳಿಯಿತು.

ಹಂತ 4: ಮಾರ್ಜಿನ್ ಲೆಕ್ಕ

ಎಕ್ಸ್‌ಚೇಂಜ್‌ನ ಹಿಂದಿರುವ ಕ್ಲಿಯರಿಂಗ್ ಹೌಸ್ ಪ್ರತಿ ಕೊಳ್ಳುವವನಿಗೂ ಮಾರುವವನಾಗಿ, ಪ್ರತಿ ಮಾರುವವನಿಗೂ ಕೊಳ್ಳುವವನಾಗಿ ನಡುವೆ ನಿಲ್ಲುತ್ತದೆ. ಆ ಭರವಸೆಗೆ ಪ್ರತಿಯಾಗಿ ಅದು ದಿನದಿನವೂ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುತ್ತದೆ.

ಒಂದು ಲೆಕ್ಕ ಹಾಕೋಣ (ಮಾರ್ಜಿನ್ ಅಂಕಿಗಳು ಉದಾಹರಣೆಗೆ ಮಾತ್ರ, ನಿಜವಾದವು ಆಗಾಗ ಬದಲಾಗುತ್ತವೆ). ಮೆಕ್ಕೆಜೋಳ ಒಂದು ಲಾಟ್ ಬುಷೆಲ್‌ಗೆ 450 ಸೆಂಟ್‌ನಂತೆ ಕೊಂಡಿರಿ. ಸರಕಿನ ಮೌಲ್ಯ 22,500 ಡಾಲರ್. ಆರಂಭಿಕ ಮಾರ್ಜಿನ್ 1,600, ನಿರ್ವಹಣಾ ಮಾರ್ಜಿನ್, ಅಂದರೆ ಖಾತೆ ಇಳಿಯಬಾರದ ಮಟ್ಟ, 1,450. ಖಾತೆಗೆ 2,000 ಹಾಕಿದ್ದೀರಿ. ಮೊದಲ ದಿನ 5 ಸೆಂಟ್ ಇಳಿಕೆ: 250 ಹೋಗಿ 1,750 ಉಳಿಯಿತು. ಎರಡನೇ ದಿನ 8 ಸೆಂಟ್: ಇನ್ನೂ 400 ಹೋಗಿ 1,350. ಇದು 1,450ಕ್ಕಿಂತ ಕೆಳಗೆ, ಹಣ ತುಂಬಿ ಎಂಬ ಮಾರ್ಜಿನ್ ಕಾಲ್ ಬಂತು. ತುಂಬಬೇಕಾದ್ದು 100 ಅಲ್ಲ, ಆರಂಭಿಕ ಮಟ್ಟಕ್ಕೇ ಏರಿಸಬೇಕು, ಅಂದರೆ 250. ಬೆಲೆ ಶೇ 3ರಷ್ಟೂ ಇಳಿದಿಲ್ಲ, ಹಾಕಿದ ಹಣದಲ್ಲಿ ಮೂರನೇ ಒಂದು ಭಾಗ ಆಗಲೇ ಕರಗಿದೆ.

ಹಾಗಾಗಿ ಲಾಟ್ ಎಷ್ಟೆಂದು ನಿರ್ಧರಿಸುವಾಗ ಮಾರ್ಜಿನ್ ನೋಡಬೇಡಿ, ಪೂರ್ಣ ಮೌಲ್ಯ ನೋಡಿ. ಕಳೆದ ಕೆಲವು ತಿಂಗಳಲ್ಲಿ ಅತಿ ಕೆಟ್ಟ ಐದು ದಿನ ಬೆಲೆ ಎಷ್ಟು ಓಡಿತ್ತೋ ಅಷ್ಟನ್ನು ಒಂದೇ ಸಲ ತಡೆಯುವಷ್ಟು ಹಣ ಮಾರ್ಜಿನ್‌ನ ಆಚೆಗೂ ಇರಬೇಕು. ಇಲ್ಲದಿದ್ದರೆ ಚಿಕ್ಕ ಕರಾರಿಗೆ ಇಳಿಯಿರಿ. 10 ಔನ್ಸ್‌ನ ಮೈಕ್ರೊ ಚಿನ್ನ ಇರುವುದು ಇದಕ್ಕೇ. ಮಾರುಕಟ್ಟೆ ಕೆರಳಿದಾಗ ಎಕ್ಸ್‌ಚೇಂಜ್ ಮಾರ್ಜಿನ್ ದರವನ್ನೇ ಏರಿಸುತ್ತದೆ ಎಂಬುದೂ ನೆನಪಿರಲಿ. ಕೈ ಬಿಗಿಯಾದ ಹೊತ್ತಿಗೇ ಹೆಚ್ಚು ಕೇಳುತ್ತಾರೆ.

ಕ್ಲಿಯರಿಂಗ್ ಹೌಸ್‌ನ ಭರವಸೆ ಅದರ ಸದಸ್ಯರಿಗೆ. ನಿಮ್ಮ ಹಣ ಇರುವುದು ಬ್ರೋಕರ್ ಬಳಿ. 2011ರ ಅಕ್ಟೋಬರ್ 31ರಂದು ಎಂಎಫ್ ಗ್ಲೋಬಲ್ ಎಂಬ ಬ್ರೋಕರ್ ಕಂಪನಿ ದಿವಾಳಿಯಾದಾಗ ಬೇರೆಯಾಗಿ ಇಡಬೇಕಿದ್ದ ಗ್ರಾಹಕರ ಹಣದಲ್ಲೇ ದೊಡ್ಡ ಕೊರತೆ ಕಂಡುಬಂತು. ವಹಿವಾಟಿಗೆ ಬೇಕಾದ್ದಕ್ಕಿಂತ ಹೆಚ್ಚು ಹಣವನ್ನು ಬ್ರೋಕರ್ ಖಾತೆಯಲ್ಲಿ ಮಲಗಿಸಿಡಬೇಡಿ.

ಹಂತ 5: ಆರ್ಡರ್

ಇಲ್ಲಿ ಹೇಳಬೇಕಾದ್ದು ಸ್ವಲ್ಪವೇ. ವ್ಯಾಪಾರ ತೆಳುವಾಗಿರುವ ತಿಂಗಳಲ್ಲಿ ಸಿಕ್ಕಿದ ಬೆಲೆಗೆ ಆಗುವ ಮಾರ್ಕೆಟ್ ಆರ್ಡರ್ ಹಾಕಬೇಡಿ, ಲಿಮಿಟ್ ಹಾಕಿ. ಅಮೆರಿಕದ ಕೃಷಿ ಇಲಾಖೆಯ ಮಾಸಿಕ ಬೇಡಿಕೆ-ಪೂರೈಕೆ ವರದಿ, ಇಂಧನ ಇಲಾಖೆಯ ವಾರದ ದಾಸ್ತಾನು ವರದಿಯ ಗಳಿಗೆಯಲ್ಲಿ ಬೆಲೆ ಮಧ್ಯದ ಮೆಟ್ಟಿಲುಗಳನ್ನು ಬಿಟ್ಟು ಹಾರುತ್ತದೆ. ನಷ್ಟ ತಡೆಯಲೆಂದು ಮೊದಲೇ ಹಾಕಿಡುವ ಸ್ಟಾಪ್ ಲಾಸ್ ಆರ್ಡರ್ ನೀವು ಬರೆದ ಬೆಲೆಗಲ್ಲ, ಸಿಕ್ಕಿದ ಬೆಲೆಗೆ ಮುರಿಯುತ್ತದೆ. ಧಾನ್ಯಗಳಿಗೆ ದಿನದ ಬೆಲೆ ಮಿತಿ ಇದೆ. ಮಿತಿ ಮುಟ್ಟಿ ಬೀಗ ಬಿದ್ದರೆ ಎದುರು ಕಡೆ ಯಾರೂ ಇರುವುದಿಲ್ಲ, ಸ್ಟಾಪ್ ಇದ್ದೂ ಇಲ್ಲದಂತೆ. ಅಂಥ ಸರಕಿನಲ್ಲಿ ನಷ್ಟಕ್ಕೆ ನಿಜವಾದ ತಡೆ ಬೇಕೆಂದರೆ ಮೊದಲೇ ಆಪ್ಷನ್, ಅಂದರೆ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು, ಕೊಂಡಿಟ್ಟಿರಬೇಕು.

ಹಂತ 6: ಸಮಯಕ್ಕೆ ಹೊರಬರುವುದು, ಇಲ್ಲವೇ ರೋಲ್ ಮಾಡುವುದು

ಎರಡು ದಿನಾಂಕಗಳನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿ: ವಹಿವಾಟಿನ ಕೊನೆಯ ದಿನ, ಮತ್ತು ಡೆಲಿವರಿ ನೋಟಿಸ್ (ಸರಕು ಕೊಡುತ್ತೇನೆಂಬ ಸೂಚನೆ) ಶುರುವಾಗುವ ಮೊದಲ ದಿನ. ಷಿಕಾಗೊ ಧಾನ್ಯಗಳಲ್ಲಿ ಎರಡನೆಯದೇ ಮೊದಲು ಬರುತ್ತದೆ, ಡೆಲಿವರಿ ತಿಂಗಳ ಹಿಂದಿನ ತಿಂಗಳ ಕೊನೆಯ ವ್ಯವಹಾರ ದಿನ. ನೋಟಿಸ್ ಕೊಡುವವನು ಮಾರಿದವನು. ಅದು ಹೋಗುವುದು ಎಲ್ಲರಿಗಿಂತ ಹಿಂದೆ ಕೊಂಡು ಇಟ್ಟುಕೊಂಡವರಿಗೆ ಮೊದಲು. ಆದ್ದರಿಂದ ಕೊಂಡವರು ಆ ದಿನಕ್ಕೆ ಮುಂಚೆ ಹೊರಬರಬೇಕು. ಚೀನಾದ ಎಕ್ಸ್‌ಚೇಂಜ್‌ಗಳಲ್ಲಿ ವ್ಯಕ್ತಿಗಳಿಗೆ ಡೆಲಿವರಿಯ ಅವಕಾಶವೇ ಇಲ್ಲ, ತಾವಾಗಿ ಹೊರಬರದಿದ್ದರೆ ಹೊರಹಾಕುತ್ತಾರೆ.

ಕೊನೆಯ ದಿನದವರೆಗೆ ಕಾದರೆ ಏನಾಗುತ್ತದೆ ಎಂಬುದಕ್ಕೆ 2020ರ ಏಪ್ರಿಲ್ 20. ಮೇ ತಿಂಗಳ ಡಬ್ಲ್ಯುಟಿಐ ಮುಗಿಯಲು ಒಂದು ದಿನ ಬಾಕಿ. ಲಾಕ್‌ಡೌನ್‌ನಿಂದ ಬೇಡಿಕೆ ಕುಸಿದು ಕುಶಿಂಗ್‌ನ ಟ್ಯಾಂಕ್‌ಗಳಲ್ಲಿ ಖಾಲಿ ಜಾಗ ಸಿಗದಂತಾಗಿತ್ತು. ತೈಲ ಎತ್ತಿಕೊಳ್ಳಲಾರದವರು ಯಾರಿಗಾದರೂ ಹಣ ಕೊಟ್ಟಾದರೂ ದಾಟಿಸಬೇಕಾಯಿತು: ಮೈನಸ್ 37.63 ಡಾಲರ್. ಅದೇ ದಿನ ಜೂನ್ ಕರಾರು 20 ಡಾಲರ್‌ನ ಮೇಲಿತ್ತು. ಲಾಟ್‌ಗೆ 1,000 ಬ್ಯಾರೆಲ್. ಒಂದು ಲಾಟ್ ಕೊಂಡಿದ್ದವನು ಪೂರ್ತಿ ಹಣ ಕಳೆದುಕೊಂಡ ಮೇಲೂ 37,630 ಡಾಲರ್ ಬಾಕಿದಾರ.

ಪೊಸಿಷನ್, ಅಂದರೆ ಕೈಯಲ್ಲಿರುವ ಕರಾರು, ಮುಂದುವರಿಸಬೇಕಿದ್ದರೆ ರೋಲ್ ಮಾಡಿ: ಹತ್ತಿರದ ತಿಂಗಳು ಮಾರಿ ಮುಂದಿನದನ್ನು ಕೊಳ್ಳುವುದು. ಎರಡನ್ನೂ ಬೇರೆ ಬೇರೆ ಆರ್ಡರ್ ಆಗಿ ಹಾಕಬೇಡಿ. ಕ್ಯಾಲೆಂಡರ್ ಸ್ಪ್ರೆಡ್ ಎಂದು ಒಂದೇ ಆರ್ಡರ್ ಹಾಕಿದರೆ ಮಾರಾಟ, ಖರೀದಿಗಳಲ್ಲಿ ಒಂದು ಆಗಿ ಇನ್ನೊಂದು ನಿಲ್ಲುವ ಅಪಾಯವಿಲ್ಲ. ಕೊನೆಯ ವಾರಕ್ಕೆ ಕಾಯದೆ, ಓಪನ್ ಇಂಟರೆಸ್ಟ್ ಮುಂದಿನ ತಿಂಗಳಿಗೆ ಸರಿಯುವ ದಿನಗಳಲ್ಲೇ ಮುಗಿಸಿ.

ಹತ್ತಿರದ ತಿಂಗಳು 70, ಮುಂದಿನದು 72 ಇದ್ದರೆ ರೋಲ್ ಮಾಡಿದ ಗಳಿಗೆಯಲ್ಲೇ 2 ಡಾಲರ್ ಹೋಯಿತು ಎಂದು ಹಲವರು ಬರೆಯುತ್ತಾರೆ. ಹಾಗಲ್ಲ. 70ಕ್ಕೆ ಮಾರಿದ್ದು 70ರ ಸರಕು, 72ಕ್ಕೆ ಕೊಂಡದ್ದು 72ರ ಸರಕು, ಆ ಕ್ಷಣ ನಷ್ಟವಿಲ್ಲ. ಸ್ಪಾಟ್ ಬೆಲೆ (ಈಗಲೇ ಕೈ ಬದಲಿಸುವ ಸರಕಿನ ಬೆಲೆ) 70ರಲ್ಲೇ ನಿಂತರೆ 72 ಮೆಲ್ಲಗೆ 70ಕ್ಕೆ ಜಾರುತ್ತದೆ. ಹಣ ಸೋರುವುದು ಆಗ. ದೂರದ ತಿಂಗಳು ದುಬಾರಿಯಾಗಿರುವ ಈ ಸ್ಥಿತಿಗೆ ಕಂಟ್ಯಾಂಗೊ ಎನ್ನುತ್ತಾರೆ, ತಿರುಗುಮುರುಗಾದರೆ ಬ್ಯಾಕ್‌ವರ್ಡೇಶನ್. ದೀರ್ಘಾವಧಿಯ ತೈಲ ಮಾರಾಟಕ್ಕೆ ಹತ್ತಿರದ ತಿಂಗಳ ವಾಯಿದೆ ಕೊಂಡು ರೋಲ್ ಮಾಡುತ್ತಾ ಹೋದ ಜರ್ಮನಿಯ ಮೆಟಾಲ್‌ಗೆಸೆಲ್‌ಶಾಫ್ಟ್ 1993ರಲ್ಲಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡದ್ದು ಇದೇ ಸೋರಿಕೆ ಮತ್ತು ಮಾರ್ಜಿನ್ ಕಾಲ್‌ಗಳ ನಡುವೆ ಸಿಕ್ಕಿ.

ಹಂತ 7: ಬೆಳೆದವರು, ಕೊಳ್ಳುವವರು ಹೆಡ್ಜ್ ಮಾಡುವ ಬಗೆ

ಹೆಡ್ಜ್ ಎಂದರೆ ಬೆಲೆ ಏರಿಳಿತದ ಅಪಾಯಕ್ಕೆ ವಾಯಿದೆಯಿಂದ ತಡೆ ಕಟ್ಟುವುದು. ಈ ಮಾರುಕಟ್ಟೆಗಳು ಹುಟ್ಟಿದ್ದೇ ಇದಕ್ಕೆ. 50 ಟನ್ ಅರೇಬಿಕಾ ಕೊಯ್ಲಿಗೆ ಬರಲಿದೆ ಎನ್ನಿ. ಪೌಂಡ್‌ನಲ್ಲಿ 1,10,231, ಲಾಟ್‌ನ 37,500ರಿಂದ ಭಾಗಿಸಿದರೆ 2.94, ಅಂದರೆ ಮೂರು ಲಾಟ್. ಬೆಳೆ ಕೈಗೆ ಬರುವುದು ಖಚಿತವಿಲ್ಲದಿದ್ದರೆ ಎರಡೇ ಸಾಕು. ಬಾರದ ಬೆಳೆಯನ್ನು ಮಾರಿಟ್ಟರೆ ಅದು ಹೆಡ್ಜ್ ಅಲ್ಲ, ಸಟ್ಟಾ.

ವಾಯಿದೆ ಪೌಂಡ್‌ಗೆ 200 ಸೆಂಟ್‌ನಂತೆ ಮಾರಿದಿರಿ. ನಿಮ್ಮ ಖರೀದಿದಾರ ಸಾಮಾನ್ಯವಾಗಿ ವಾಯಿದೆಗಿಂತ 15 ಸೆಂಟ್ ಕಡಿಮೆ ಕೊಡುತ್ತಾನೆ. ಈ ಅಂತರಕ್ಕೇ ಬೇಸಿಸ್ ಎನ್ನುವುದು. ಹಾಗಾಗಿ ನಿರೀಕ್ಷೆ 185. ಕೊಯ್ಲಿನ ಹೊತ್ತಿಗೆ ವಾಯಿದೆ 160ಕ್ಕೆ ಇಳಿದು, ಖರೀದಿದಾರ 143 ಕೊಟ್ಟ. ವಾಯಿದೆಯಲ್ಲಿ 40 ಲಾಭ, ಒಟ್ಟು 183. ತಪ್ಪಿದ 2 ಸೆಂಟ್ ಬೇಸಿಸ್ 15ರಿಂದ 17ಕ್ಕೆ ಹಿಗ್ಗಿದ್ದರ ಫಲ. ಹೆಡ್ಜ್ ಬೆಲೆಯ ಅಪಾಯವನ್ನು ಅಳಿಸುವುದಿಲ್ಲ, ಅದನ್ನು ಬೇಸಿಸ್‌ನ ಚಿಕ್ಕ ಅಪಾಯಕ್ಕೆ ಬದಲಿಸಿಕೊಡುತ್ತದೆ. ಅದಕ್ಕೇ ಕನಿಷ್ಠ ಮೂರು ವರ್ಷದ ಬೇಸಿಸ್ ವಾರವಾರ ಬರೆದಿಟ್ಟುಕೊಳ್ಳದೆ ಹೆಡ್ಜ್‌ಗೆ ಇಳಿಯಬಾರದು.

ಈಗ ಉಲ್ಟಾ: ವಾಯಿದೆ 240ಕ್ಕೆ ಏರಿತು. ಕೊಯ್ಲಿನಲ್ಲಿ 225 ಸಿಗುತ್ತದೆ, ವಾಯಿದೆಯಲ್ಲಿ 40 ನಷ್ಟ, ಒಟ್ಟು ಅದೇ 185. ಕಾಗದದ ಮೇಲೆ ಸರಿ. ಆದರೆ ಆ 40 ಸೆಂಟ್, ಮೂರು ಲಾಟ್‌ಗೆ 45,000 ಡಾಲರ್, ಕೊಯ್ಲಿಗೆ ಮುಂಚೆಯೇ ನಗದಾಗಿ ಕಟ್ಟಬೇಕು; ಕಾಫಿ ಇನ್ನೂ ಗಿಡದಲ್ಲಿದೆ. ಕೋಕೊದಲ್ಲಿ 2024ರಲ್ಲಿ ಆದದ್ದು ಇದೇ. ವರ್ಷದ ಆರಂಭಕ್ಕೆ ನ್ಯೂಯಾರ್ಕ್‌ನಲ್ಲಿ ಟನ್‌ಗೆ ಸುಮಾರು 4,200 ಡಾಲರ್ ಇದ್ದದ್ದು ಮಾರ್ಚ್ ಕೊನೆಗೆ 10,000 ಮುಟ್ಟಿತು. 10 ಟನ್‌ನ ಒಂದು ಲಾಟ್ ಮಾರಿಟ್ಟವರು ತುಂಬಬೇಕಾದ್ದು 58,000ದಷ್ಟು. ಗೋದಾಮಿನಲ್ಲಿ ಬೀಜ ಇದ್ದೂ ಮಾರ್ಜಿನ್ ಹೊಂದಿಸಲಾಗದವರು ಹೆಡ್ಜನ್ನೇ ಮುರಿಯಬೇಕಾಗುತ್ತದೆ. ಹೆಡ್ಜ್‌ಗೆ ಕೈ ಹಾಕುವ ಮೊದಲು ಮಾರ್ಜಿನ್‌ಗೆಂದೇ ಬ್ಯಾಂಕ್ ಸಾಲದ ಮಿತಿ ಮಂಜೂರು ಮಾಡಿಸಿಕೊಳ್ಳಿ. ಆಗದಿದ್ದರೆ ಪುಟ್ (ಮಾರುವ ಹಕ್ಕಿನ) ಆಪ್ಷನ್ ಕೊಳ್ಳಿ. ಅದಕ್ಕೆ ಕೊಡುವ ಪ್ರೀಮಿಯಂ ಒಮ್ಮೆ ಹೋಗುತ್ತದೆ, ಮಾರ್ಜಿನ್ ಕಾಲ್ ಬರುವುದಿಲ್ಲ.

ಆಟದ ನಿಯಮವೇ ಬದಲಾದಾಗ

ಇದಕ್ಕೆ ಹಾಳೆಯಲ್ಲಿ ಸಾಲು ಸಿಗುವುದಿಲ್ಲ, ನಿಯಮಾವಳಿಯ ಹಿಂದಿನ ಪುಟಗಳಲ್ಲಿ ‘ತುರ್ತು ಅಧಿಕಾರ’ ಎಂದು ಇರುತ್ತದೆ. 1980ರ ಜನವರಿಯಲ್ಲಿ ಅಮೆರಿಕದ ಸಿರಿವಂತ ಹಂಟ್ ಸಹೋದರರು ಬೆಳ್ಳಿ ಗುಡ್ಡೆಹಾಕಿದ್ದಾಗ ಕೊಮೆಕ್ಸ್ ಹೊಸ ಖರೀದಿಗೆ ಕಡಿವಾಣ ಹಾಕಿತು; ಮಾರ್ಚ್ 27ಕ್ಕೆ ಬೆಳ್ಳಿ ಕುಸಿಯಿತು. 2022ರ ಮಾರ್ಚ್ 8ರಂದು ನಿಕಲ್ ಟನ್‌ಗೆ 1,00,000 ಡಾಲರ್ ದಾಟಿದಾಗ ಎಲ್‌ಎಂಇ ವಹಿವಾಟು ನಿಲ್ಲಿಸಿದ್ದಲ್ಲದೆ ಅಂದು ಆಗಿಹೋದ ವ್ಯಾಪಾರಗಳನ್ನೂ ರದ್ದು ಮಾಡಿತು. ಲಾಭ ಎಣಿಸಿ ಕೂತಿದ್ದವರ ಲಾಭ ಮಾಯ. ಸರ್ಕಾರಗಳು ಇನ್ನೂ ಮುಂದೆ ಹೋಗುತ್ತವೆ. ಅಮೆರಿಕದಲ್ಲಿ ಈರುಳ್ಳಿ ವಾಯಿದೆ 1958ರಿಂದ ಕಾನೂನಿನಲ್ಲೇ ನಿಷಿದ್ಧ. ಭಾರತದಲ್ಲಿ ಸೆಬಿ 2021ರ ಡಿಸೆಂಬರ್‌ನಲ್ಲಿ ಗೋಧಿ, ಕಡಲೆ, ಸೋಯಾ ಸೇರಿ ಏಳು ಕೃಷಿ ಸರಕುಗಳ ವಾಯಿದೆಯನ್ನು ತಡೆಹಿಡಿಯಿತು. ಬೆಲೆ ರಾಜಕೀಯವಾಗಬಲ್ಲ ಆಹಾರ ಸರಕಿನಲ್ಲಿ ದೂರದ ತಿಂಗಳ ಪೊಸಿಷನ್ ಚಿಕ್ಕದಾಗಿಡಿ.

ಸರಕೇ ಬೇಕಿದ್ದರೆ

ಡೆಲಿವರಿ ತೆಗೆದುಕೊಳ್ಳುವವರಿಗೆ ಸಿಗುವುದು ಮೂಟೆಯಲ್ಲ, ಕಾಗದ: ಗೋದಾಮು ರಸೀದಿ, ಎಲ್‌ಎಂಇಯಲ್ಲಾದರೆ ವಾರಂಟ್. ಪೂರ್ಣ ಮೌಲ್ಯ ನಗದಾಗಿ ಕಟ್ಟಬೇಕು, ಅಂದಿನಿಂದ ಬಾಡಿಗೆ ನಿಮ್ಮ ತಲೆಗೆ. ಹೊರತೆಗೆಯಲು ಗೋದಾಮಿನಲ್ಲಿ ಸರದಿ ಇದೆಯೇ, ಸಾಗಣೆ ಎಷ್ಟು, ಬ್ರ್ಯಾಂಡ್ ನಿಮ್ಮ ಕಾರ್ಖಾನೆಗೆ ಹೊಂದುತ್ತದೆಯೇ ಎಂದು ನೋಟಿಸ್ ಬರುವ ಮೊದಲೇ ವಿಚಾರಿಸಿ. ಹೊಂದದಿದ್ದರೆ ವಾರಂಟನ್ನು ಬೇರೆ ಊರಿನದಕ್ಕೆ ಬದಲಿಸಿಕೊಡುವ ವ್ಯಾಪಾರಿಗಳಿದ್ದಾರೆ. ಕಾಗದ ಸರಿಯಿದ್ದ ಮಾತ್ರಕ್ಕೆ ಸರಕು ಸರಿಯಿರುತ್ತದೆ ಎಂದೂ ಇಲ್ಲ. 2023ರ ಮಾರ್ಚ್‌ನಲ್ಲಿ ರೋಟರ್‌ಡಾಮ್‌ನ ಗೋದಾಮಿನಲ್ಲಿ ಎಲ್‌ಎಂಇ ವಾರಂಟ್ ಇದ್ದ 54 ಟನ್ ನಿಕಲ್ ಚೀಲಗಳಲ್ಲಿ ಸಿಕ್ಕಿದ್ದು ಕಲ್ಲು. ಒಂಬತ್ತು ವಾರಂಟ್ ರದ್ದಾದವು. ಸರಕು ಹೊರಬರುವಾಗ ಸ್ವತಂತ್ರ ತಪಾಸಣಾ ಸಂಸ್ಥೆಯವರನ್ನು ನಿಲ್ಲಿಸಿ ತೂಕ ಹಾಕಿಸಿ, ಮಾದರಿ ತೆಗೆಸಿ. ಆ ಖರ್ಚನ್ನು ಕೊಳ್ಳುವ ಬೆಲೆಗೇ ಸೇರಿಸಿ ಲೆಕ್ಕ ಹಾಕಿ.